ಪಾರ್ಕಿನ್ಸನ್ ಇರುವವರ ನಡಿಗೆಗೆ ಹಾಡಿನ ತಾಳ: ಮನೆಯಲ್ಲೇ ಅಭ್ಯಾಸ ಮಾಡಿಸುವುದು ಹೇಗೆ?

ಪಾರ್ಕಿನ್ಸನ್ ಕಾಯಿಲೆ ನಡಿಗೆಯನ್ನು ನಿಧಾನವಾಗಿ ಕಸಿದುಕೊಳ್ಳುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ. ಪಾದ ಮೇಲೇಳದೆ ನೆಲ ಉಜ್ಜಿಕೊಂಡು ಹೋಗುತ್ತದೆ. ಒಂದು ಕೈ ಬೀಸುವುದೇ ಇಲ್ಲ. ಬೆನ್ನು ಮುಂದಕ್ಕೆ ಬಾಗುತ್ತದೆ. ಕೆಲವರಿಗೆ ಬಾಗಿಲ ಹತ್ತಿರ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಇದನ್ನು ಡಾಕ್ಟರುಗಳು ಫ್ರೀಜಿಂಗ್ ಎನ್ನುತ್ತಾರೆ. ಇನ್ನು ಕೆಲವರಿಗೆ ನಡೆಯುತ್ತಾ ಹೋದಂತೆ ಹೆಜ್ಜೆ ಇನ್ನಷ್ಟು ಚಿಕ್ಕದಾಗಿ, ವೇಗ ತಾನಾಗಿ ಏರಿ, ಮುಂದಕ್ಕೆ ಮುಗ್ಗರಿಸುವ ಹಾಗಾಗುತ್ತದೆ.

ಇಂಥವರಲ್ಲಿ ಅನೇಕರಿಗೆ ಸರಿಯಾದ ತಾಳ ಕಿವಿಗೆ ಬಿದ್ದರೆ ನಡಿಗೆ ಅಲ್ಲೇ, ಆಗಲೇ ಬದಲಾಗುತ್ತದೆ. ಆದರೆ ಯಾವುದೋ ಹಾಡು ಹಾಕಿ ಸುಮ್ನೆ ನಡೆಸಿದರೆ ಆಗುವುದಿಲ್ಲ. ತಾಳದ ವೇಗ ಆ ವ್ಯಕ್ತಿಯ ಸ್ವಂತ ಹೆಜ್ಜೆಯ ವೇಗಕ್ಕೆ ಹೊಂದಬೇಕು. ಆದ್ದರಿಂದ ಮೊದಲು ಅಳತೆ, ಆಮೇಲೆ ಹಾಡು. ಈ ಕ್ರಮ ತಪ್ಪಿದರೆ ಉಪಯೋಗ ಕಡಿಮೆ, ಕೆಲವೊಮ್ಮೆ ಅಪಾಯವೂ ಇದೆ.

ತಾಳ ಕೇಳಿದರೆ ಕಾಲು ಯಾಕೆ ಏಳುತ್ತದೆ?

ನಾವು ನಡೆಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡುವುದಿಲ್ಲ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಗಳು ಹೆಜ್ಜೆಯ ಹೊತ್ತು, ಹೆಜ್ಜೆಯ ಅಳತೆ ಎರಡನ್ನೂ ತಾವೇ ನೋಡಿಕೊಳ್ಳುತ್ತವೆ. ಅವಕ್ಕೆ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಒಳಗಿನ ಲಯ ಕೆಡುತ್ತದೆ.

ಹೊರಗಿನಿಂದ ಬರುವ ಲಯಕ್ಕೆ ಬೇರೆ ದಾರಿಯೂ ಇದೆ. ಕಿವಿಯಿಂದ ಬಂದ ತಾಳ ಕಿರುಮೆದುಳಿನ ಮೂಲಕ, ಚಲನೆಯನ್ನು ಸಿದ್ಧಪಡಿಸುವ ಮಿದುಳಿನ ಹೊರಪದರದ ಮೂಲಕ ಕಾಲಿಗೆ ತಲುಪಬಲ್ಲದು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಇನ್ನೊಂದು ಮುಖ್ಯ ಸಂಗತಿ: ಸಮನಾದ ತಾಳ ನಾಲ್ಕು ಪೆಟ್ಟು ಕೇಳಿದರೆ ಸಾಕು, ಐದನೆಯದು ಯಾವಾಗ ಬೀಳುತ್ತದೆ ಎಂದು ಮಿದುಳು ಮೊದಲೇ ಊಹಿಸುತ್ತದೆ. ಆ ಪೆಟ್ಟು ಬೀಳುವ ಹೊತ್ತಿಗೆ ಕಾಲು ಸಿದ್ಧವಾಗಿರುತ್ತದೆ.

ಅಮೆರಿಕದ ಕೊಲರಾಡೋದಲ್ಲಿ ಮೈಕಲ್ ಥಾಟ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷೆ ಮಾಡಿ 1996ರಲ್ಲಿ ಪ್ರಕಟಿಸಿದರು. ಮನೆಯಲ್ಲೇ ದಿನಕ್ಕೆ 30 ನಿಮಿಷದಂತೆ 3 ವಾರ, ಪೆಟ್ಟು ಎದ್ದು ಕೇಳುವ ಸಂಗೀತದ ಜೊತೆ ನಡೆದವರ ವೇಗ 25% ಹೆಚ್ಚಾಯಿತು. ಹೆಜ್ಜೆಯ ಉದ್ದ 12% ಹೆಚ್ಚಾಯಿತು. ಸಂಗೀತವಿಲ್ಲದೆ ಅಷ್ಟೇ ಅಭ್ಯಾಸ ಮಾಡಿದವರ ವೇಗ ಹೆಚ್ಚಿದ್ದು 7% ಮಾತ್ರ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಹೆಜ್ಜೆಯ ಉದ್ದ. ಬೇಗ ಬೇಗ ಪುಟ್ಟ ಹೆಜ್ಜೆ ಇಡುವುದು ಒಳ್ಳೆಯ ನಡಿಗೆಯಲ್ಲ ಅಲ್ವಾ?

ಶುರು ಮಾಡುವ ಮೊದಲು

ಇದು ಮಾತ್ರೆಗೆ ಬದಲಿಯಲ್ಲ. ನ್ಯೂರಾಲಜಿಸ್ಟ್‌ಗೆ ತಿಳಿಸಿಯೇ ಶುರು ಮಾಡಿ. ಇತ್ತೀಚೆಗೆ ಬಿದ್ದಿದ್ದರೆ, ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ, ಮಂಡಿ ಅಥವಾ ಸೊಂಟದ ನೋವು ಜಾಸ್ತಿ ಇದ್ದರೆ, ಮರೆವು ಹೆಚ್ಚಿದ್ದರೆ, ಮೊದಲ ಕೆಲವು ದಿನ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ತೋರಿಸುತ್ತಿದ್ದರೆ, ಮುಂದಿನ ಸಲ ಹೋದಾಗ ನಡಿಗೆಯನ್ನೂ ನೋಡಿ ಸಲಹೆ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಔಷಧಿಯ ಮಾತು ಮುಗಿಯುವಷ್ಟರಲ್ಲಿ ಸಮಯ ಮುಗಿದು, ನಡಿಗೆಯ ಮಾತು ಹಾಗೇ ಉಳಿದುಹೋಗುತ್ತದೆ.

ಹೊತ್ತು ಮುಖ್ಯ. ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪ ಮಾತ್ರೆಯ ಕೆಲಸ ಚೆನ್ನಾಗಿ ನಡೆಯುತ್ತಿರುವ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿ. ಸಾಮಾನ್ಯವಾಗಿ ಮಾತ್ರೆ ತೆಗೆದುಕೊಂಡ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈ ಹಗುರಾಗುತ್ತದೆ. ನಿಮ್ಮ ಮನೆಯವರಿಗೆ ಅದು ಯಾವಾಗ ಎಂದು ಅವರಿಗೂ ಗೊತ್ತಿರುತ್ತದೆ, ನಿಮಗೂ ಗೊತ್ತಿರುತ್ತದೆ. ದಿನವೂ ಅದೇ ಹೊತ್ತು ಇಟ್ಟುಕೊಳ್ಳಿ.

ಜಾಗಕ್ಕೆ 10 ಮೀಟರ್, ಅಂದರೆ ಸುಮಾರು 33 ಅಡಿ ನೇರ ದಾರಿ ಸಿಕ್ಕರೆ ಒಳ್ಳೆಯದು. ಅಪಾರ್ಟ್‌ಮೆಂಟಿನ ಕಾರಿಡಾರ್, ಸುತ್ತ ಗೋಡೆ ಕಟ್ಟಿದ ಮಹಡಿ, ಹಳೆ ಮನೆಯಾದರೆ ಉದ್ದದ ಜಗಲಿ ಆಗಬಹುದು. ಕಾಲೊರೆಸುವ ಬಟ್ಟೆ, ವೈರು, ಮೊಮ್ಮಕ್ಕಳ ಆಟಿಕೆ ಎಲ್ಲ ತೆಗೆಯಿರಿ. ನೆಲ ಒರೆಸಿದ ತಕ್ಷಣ ಬೇಡ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಪಾದರಕ್ಷೆ ಬೇಕು. ಪಂಚೆ ಉಡುವವರು ಮೇಲಕ್ಕೆ ಕಟ್ಟಿಕೊಳ್ಳಲಿ. ಸೀರೆಯ ನೆರಿಗೆ ಕಾಲಿಗೆ ಸಿಗುವಂತಿದ್ದರೆ ಆ ಅರ್ಧ ಗಂಟೆ ಚೂಡಿದಾರ್ ಹಾಕಿಕೊಳ್ಳಲಿ. ಕುರ್ಚಿಯಿಂದ ಎದ್ದ ಮೇಲೆ ಒಂದು ನಿಮಿಷ ನಿಂತು, ತಲೆ ಸುತ್ತುತ್ತಿಲ್ಲ ಎಂದು ನೋಡಿಕೊಂಡೇ ಮೊದಲ ಹೆಜ್ಜೆ.

ಜೊತೆಗಿರುವವರು ಹೆಚ್ಚು ತೊಂದರೆಯಿರುವ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಡೆಯಿರಿ. ಕೈ ಹಿಡಿದು ಮುಂದಕ್ಕೆ ಎಳೆಯಬೇಡಿ. ಎಳೆದರೆ ಮೈ ಮುಂದೆ ಬರುತ್ತದೆ, ಕಾಲು ಹಿಂದೆ ಉಳಿಯುತ್ತದೆ.

ಹಂತ 1: ಅವರ ಹೆಜ್ಜೆಯ ವೇಗ ಅಳೆಯಿರಿ

ಹಾಡು ಹಾಕದೆ, ಏನೂ ಹೇಳದೆ, ಅವರ ಪಾಡಿಗೆ ಅವರು ನಡೆಯಲಿ. ಮೊದಲ ನಾಲ್ಕೈದು ಹೆಜ್ಜೆ ಬಿಟ್ಟುಬಿಡಿ. ಆಮೇಲೆ ಒಂದು ಪಾದ ನೆಲಕ್ಕೆ ತಾಗಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಅದನ್ನು ಸೊನ್ನೆ ಎಂದು ಎಣಿಸಿ. ಮುಂದಿನದು ಒಂದು, ಅದರ ಮುಂದಿನದು ಎರಡು. ಹತ್ತು ಆದಾಗ ನಿಲ್ಲಿಸಿ. 600 ಅನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಸಿಗುತ್ತದೆ. ಹತ್ತು ಹೆಜ್ಜೆಗೆ 6 ಸೆಕೆಂಡ್ ಆದರೆ ನಿಮಿಷಕ್ಕೆ 100. ಆರೂವರೆ ಸೆಕೆಂಡ್ ಆದರೆ ಸುಮಾರು 92. ಮೂರು ಸಲ ಮಾಡಿ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಎಣಿಸುವಾಗ ಮೊದಲ ಪಾದವನ್ನೇ ಒಂದು ಎಂದುಕೊಂಡರೆ ಲೆಕ್ಕ ಸುಮಾರು ಹತ್ತು ಹೆಜ್ಜೆ ಜಾಸ್ತಿ ಬರುತ್ತದೆ. ಆ ಲೆಕ್ಕದ ಮೇಲೆ ಆರಿಸಿದ ಹಾಡು ಅವರನ್ನು ಓಡಿಸುತ್ತದೆ. ಹಾಗಾಗಿ ಸೊನ್ನೆಯಿಂದ ಶುರು ಮಾಡುವುದು ಸಣ್ಣ ವಿಷಯವಲ್ಲ.

ಇನ್ನೊಂದು ಅಳತೆಯೂ ಬೇಕು. 10 ಮೀಟರ್ ದಾಟಲು ಒಟ್ಟು ಎಷ್ಟು ಹೆಜ್ಜೆ ಬೇಕಾಯಿತು? ಇದು ಹೆಜ್ಜೆಯ ಉದ್ದ ಹೇಳುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಹೆಜ್ಜೆ ದೊಡ್ಡದು. ಎರಡನ್ನೂ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆಯಿರಿ. ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಅದಿಲ್ಲದಿದ್ದರೆ ಇವತ್ತಿನ ಸಂಖ್ಯೆಯನ್ನು ನಿನ್ನೆಯದಕ್ಕೆ ಹೋಲಿಸಲು ಆಗುವುದಿಲ್ಲ.

ಹಂತ 2: ಕಾಲಿಗೆ ಒಗ್ಗುವ ಹಾಡು ಹುಡುಕಿ

ಅವರು ಯೌವನದಲ್ಲಿ ಕೇಳಿ ಬಾಯಿಪಾಠವಾದ ಹಾಡುಗಳಿಂದ ಶುರು ಮಾಡಿ. ಹೊಸ ಹಾಡಾದರೆ ಗಮನ ಮಾತಿನ ಕಡೆ ಹೋಗುತ್ತದೆ. ಪಾರ್ಕಿನ್ಸನ್ ಇರುವವರಿಗೆ ಎರಡು ಕಡೆ ಗಮನ ಕೊಟ್ಟರೆ ನಡಿಗೆ ಕೆಡುತ್ತದೆ. ಗೊತ್ತಿರುವ ಹಾಡಾದರೆ ಕೇಳಲು ಶ್ರಮ ಬೇಕಾಗಿಲ್ಲ, ಗಮನ ಕಾಲಿಗೆ ಉಳಿಯುತ್ತದೆ.

ಹಾಡಿನ ವೇಗ ತಿಳಿಯಲು 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬಿತ್ತು ಎಂದು ಎಣಿಸಿ ನಾಲ್ಕರಿಂದ ಗುಣಿಸಿ. ಒಂದೇ ವೇಗದಲ್ಲಿ ಟಕ್ ಟಕ್ ಎಂದು ತಾಳ ಕೊಡುವ ಮೆಟ್ರೊನೋಮ್ ಆ್ಯಪ್‌ಗಳಲ್ಲಿ ಪರದೆಯ ಮೇಲೆ ತಾಳ ಹಾಕಿದರೆ ವೇಗ ತೋರಿಸುವ ಗುಂಡಿಯೂ ಇರುತ್ತದೆ. ಹೆಜ್ಜೆ 96 ಇದ್ದು ಹಾಡು 96ರ ಹತ್ತಿರ ಇದ್ದರೆ ಅದು ನಿಮ್ಮ ಹಾಡು. ಹಾಡು 48 ಇದ್ದರೂ ನಡೆಯುತ್ತದೆ, ಒಂದು ಪೆಟ್ಟಿಗೆ ಎರಡು ಹೆಜ್ಜೆ. ಆದರೆ ಶುರುವಿಗೆ ಪೆಟ್ಟಿಗೊಂದು ಹೆಜ್ಜೆಯೇ ಸುಲಭ.

ಯಾವ ತಾಳ? ಎರಡು ಕಾಲಿಗೆ ಸಮಸಂಖ್ಯೆಯ ತಾಳ ಚೆನ್ನಾಗಿ ಕೂಡುತ್ತದೆ. ಎಂಟು ಎಣಿಕೆಯ ಆದಿತಾಳ, ಹಿಂದೂಸ್ತಾನಿ ಕಡೆಯವರಿಗೆ ಕೆಹರ್ವಾ, ಸಿನಿಮಾ ಹಾಡುಗಳಲ್ಲಿ ನಾಲ್ಕರ ನಡೆ, ಪೊಲೀಸ್ ಬ್ಯಾಂಡಿನ ಮಾರ್ಚ್. ಇವುಗಳಲ್ಲಿ ಜೋರು ಪೆಟ್ಟು ಯಾವಾಗಲೂ ಒಂದೇ ಕಾಲಿಗೆ ಬರುತ್ತದೆ. ಏಳರ ಮಿಶ್ರಛಾಪು, ಐದರ ಖಂಡಛಾಪು ಬೇಡ. ಕೇಳಲು ಅವು ಎಷ್ಟೇ ಇಷ್ಟವಾದರೂ ಹೆಜ್ಜೆಗೆ ಹೊಂದುವುದಿಲ್ಲ. ಮೂರರ ನಡೆಯಲ್ಲಿ ಜೋರು ಪೆಟ್ಟು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬೀಳುತ್ತದೆ. ಸಂಗೀತ ಕಲಿತವರು ಅದನ್ನು ನಿಭಾಯಿಸಬಹುದು, ಉಳಿದವರಿಗೆ ಗಲಿಬಿಲಿ.

ಕರ್ನಾಟಕ ಸಂಗೀತ ಇಷ್ಟಪಡುವವರ ಮನೆಯಲ್ಲಿ ಇನ್ನೂ ಎರಡು ಎಚ್ಚರ. ಆಲಾಪನೆಯಲ್ಲಿ ತಾಳವಿಲ್ಲ, ಅದನ್ನು ದಾಟಿಸಿ ಮೃದಂಗ ಶುರುವಾಗುವಲ್ಲಿಂದ ಹಾಕಿ. ಅನಾಗತ ಎಡುಪಿನ ಕೃತಿಗಳಲ್ಲಿ ಸಾಹಿತ್ಯ ಪೆಟ್ಟಿನ ಆಚೆಗೆ ಶುರುವಾಗುತ್ತದೆ. ಮಾತು ಹಿಡಿದು ಹೆಜ್ಜೆ ಇಡುವವರು ತಪ್ಪುತ್ತಾರೆ. ಸಮದಲ್ಲೇ, ಅಂದರೆ ತಾಳದ ಮೊದಲ ಪೆಟ್ಟಿನ ಜೊತೆಗೇ ಶುರುವಾಗುವ ಸರಳ ದೇವರನಾಮ ಇದಕ್ಕಿಂತ ಎಷ್ಟೋ ಮೇಲು.

ಭಜನೆಯ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದೇ ಅದು. ತಾಳದ ಜೋಡಿ, ಚಪ್ಪಾಳೆ, ಎಲ್ಲರಿಗೂ ಗೊತ್ತಿರುವ ಸಾಲು, ಎಲ್ಲವೂ ನಡಿಗೆಗೆ ಹೇಳಿಮಾಡಿಸಿದ್ದು. ಆದರೆ ಭಜನೆ ಕೊನೆಗೆ ಬರುತ್ತಾ ವೇಗ ಏರುತ್ತದೆ. ಕೋಲಾಟದ ಪದ, ಚೆಂಡೆ, ಡೊಳ್ಳು ಎಲ್ಲವೂ ಹಾಗೆಯೇ ಏರುತ್ತವೆ. ಅದೇ ಅವುಗಳ ಸೊಗಸು. ಪಾರ್ಕಿನ್ಸನ್ ಇರುವವರ ಕಾಲು ಆ ಏರಿಕೆಯ ಹಿಂದೆ ಓಡುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಮುಗ್ಗರಿಸುತ್ತಾರೆ. ಭಜನೆ ಬೇಕೆಂದರೆ ಮನೆಯವರೇ ಒಂದೇ ಕಾಲಪ್ರಮಾಣದಲ್ಲಿ ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಾಡುವಾಗ ಒಂದು ಕಿವಿಯಲ್ಲಿ ಮೆಟ್ರೊನೋಮ್ ಇಟ್ಟುಕೊಂಡರೆ ವೇಗ ಜಾರುವುದಿಲ್ಲ. ಮಗಳೋ ಮೊಮ್ಮಗನೋ ಹಾಡಿದ ದನಿಗೆ ನಡೆಯುವುದೆಂದರೆ ಅವರಿಗೂ ಖುಷಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳು ದೂರದಿಂದ ಏನೂ ಮಾಡಲಾಗುತ್ತಿಲ್ಲ ಎಂದು ಕೊರಗುತ್ತಿರುತ್ತಾರೆ. ಇದು ಅವರು ಮಾಡಿ ಕಳಿಸಬಹುದಾದ ಕೆಲಸ.

ವೇಗ ಸ್ವಲ್ಪ ಹೊಂದದಿದ್ದರೆ ಹಾಡನ್ನೇ ತಿದ್ದಬಹುದು. ಯೂಟ್ಯೂಬ್‌ನ ಪ್ಲೇಬ್ಯಾಕ್ ಸ್ಪೀಡ್‌ನಲ್ಲಿ ಹಾಡನ್ನು ಸ್ವಲ್ಪ ನಿಧಾನ ಅಥವಾ ವೇಗ ಮಾಡಬಹುದು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಶ್ರುತಿ ಬದಲಾಗದೆ ವೇಗ ಮಾತ್ರ ಬದಲಾಗುತ್ತದೆ. ಹತ್ತು ಪರ್ಸೆಂಟಿಗಿಂತ ಹೆಚ್ಚು ಎಳೆದರೆ ಹಾಡು ಹಾಡಾಗಿ ಉಳಿಯುವುದಿಲ್ಲ, ಬೇರೆ ಹಾಡು ಹುಡುಕಿ. ಸಂಗೀತ ಕಲಿಯುವವರ ಮನೆಯಲ್ಲಿ ಎಲೆಕ್ಟ್ರಾನಿಕ್ ತಾಳದ ಪೆಟ್ಟಿಗೆ ಇದ್ದರೆ ಅದೂ ಆಗುತ್ತದೆ. ಸ್ಪೀಕರ್ ಸಾಕು. ಇಯರ್‌ಫೋನ್ ಬಳಸಿದರೆ ಮನೆಯೊಳಗೆ ಮಾತ್ರ, ರಸ್ತೆಯಲ್ಲಿ ಬೇಡವೇ ಬೇಡ.

ಹಂತ 3: ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆದು

ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿ. ತೊಡೆಯ ಮೇಲೆ ಕೈಯಿಂದ ತಾಳ ಹಾಕಲಿ. ಆಮೇಲೆ ಕೂತಲ್ಲೇ ಎಡಗಾಲು, ಬಲಗಾಲು ಎಂದು ಪಾದ ಎತ್ತಿ ಇಡಲಿ. ಪೆಟ್ಟು ಸಿಗುತ್ತಿದೆಯೇ ನೋಡಿ. ಕೆಲವರಿಗೆ ತಾಳ ಹಿಡಿಯುವುದು ಮೊದಲಿನಿಂದಲೂ ಕಷ್ಟ. ಅಂಥವರನ್ನು ಹಾಡಿಗೆ ಹೆಜ್ಜೆ ಹಾಕಿ ಎಂದು ಒತ್ತಾಯಿಸಬೇಡಿ. ಬರೀ ಮೆಟ್ರೊನೋಮಿನ ಟಕ್ ಟಕ್ ಕೊಡಿ, ಅಥವಾ ಹಾಡಿನ ಮೇಲೆ ನೀವೇ ಚಪ್ಪಾಳೆ ಹಾಕಿ.

ಆಮೇಲೆ ಕಿಚನ್ ಕಟ್ಟೆ ಹಿಡಿದು ನಿಂತು, ತೂಕವನ್ನು ತಾಳಕ್ಕೆ ಸರಿಯಾಗಿ ಎಡಕ್ಕೆ ಬಲಕ್ಕೆ ಬದಲಿಸಲಿ. ಮೂರನೆಯದು ನಿಂತಲ್ಲೇ ಹೆಜ್ಜೆ. ಇಷ್ಟು ಆದ ಮೇಲೆ ನಡಿಗೆ.

ನಡೆಯುವ ಮೊದಲು ಎಂಟು ಪೆಟ್ಟು ಸುಮ್ಮನೆ ಕೇಳಲಿ. ಒಂಬತ್ತನೆಯದಕ್ಕೆ ಮೊದಲ ಹೆಜ್ಜೆ. ನೀವು ಹೇಳಬೇಕಾದ ಮಾತು ತುಂಬಾ ಕಡಿಮೆ: "ಅಪ್ಪಾ, ಹಿಮ್ಮಡಿ ಮೊದಲು." "ದೊಡ್ಡ ಹೆಜ್ಜೆ." ಅಷ್ಟೇ. "ಬೇಗ ಬನ್ನಿ" ಎನ್ನುವ ಮಾತು ಆ ಹೊತ್ತಿನಲ್ಲಿ ಬಾಯಿಂದ ಬರಬಾರದು. ನಡೆಯುತ್ತಿರುವಾಗ ಊಟಕ್ಕೇನು, ಫೋನ್ ಯಾರದು ಎಂದು ಕೇಳಬೇಡಿ. ಕೈ ಬೀಸಲು ಬರುವವರು ಬೀಸಲಿ, ಬಾರದವರಿಗೆ ಅದನ್ನು ಹೇಳಿ ಹೇಳಿ ಗಮನ ಕೆಡಿಸಬೇಡಿ. ಹೆಜ್ಜೆ ಉದ್ದವಾದಂತೆ ಕೈ ತಾನೇ ಸ್ವಲ್ಪ ಬಿಚ್ಚಿಕೊಳ್ಳಬಹುದು.

ಮೊದಲ ದಿನಗಳಲ್ಲಿ ಐದು ನಿಮಿಷ ನಡೆದು ಕೂತುಕೊಳ್ಳುವುದು, ಮತ್ತೆ ಐದು ನಿಮಿಷ. ಸುಸ್ತಾಗದೆ ಮುಂದುವರಿದರೆ ಮೂರು ವಾರದಲ್ಲಿ ನಡುನಡುವೆ ವಿಶ್ರಾಂತಿ ಸೇರಿಸಿ ಅರ್ಧ ಗಂಟೆಗೆ ತಲುಪಬಹುದು.

ಹಂತ 4: ವೇಗ ಹೆಚ್ಚಿಸುವುದು, ಅಥವಾ ಇಳಿಸುವುದು

ಮೊದಲ ವಾರ ಅವರ ಸ್ವಂತ ವೇಗವೇ ಇರಲಿ. ಹೆಜ್ಜೆ ತಾಳಕ್ಕೆ ಕೂತ ಮೇಲೆ 5% ಏರಿಸಿ. 96 ಇದ್ದದ್ದು 101 ಆಗುತ್ತದೆ. ಕೆಲವು ದಿನ ಅದರಲ್ಲೇ ಇದ್ದು, ಆಮೇಲೆ 10%, ಅಂದರೆ 106. ಮನೆಯಲ್ಲಿ ಮಾಡುವವರು ಇದರ ಮೇಲೆ ಹೋಗುವುದು ಬೇಡ.

ಇಲ್ಲಿ 10 ಮೀಟರಿನ ಎಣಿಕೆ ಕೆಲಸಕ್ಕೆ ಬರುತ್ತದೆ. ಮೊದಲು 22 ಹೆಜ್ಜೆಯಲ್ಲಿ ದಾಟುತ್ತಿದ್ದರು ಅಂದುಕೊಳ್ಳಿ. ವೇಗ ಏರಿಸಿದ ಮೇಲೂ 22 ಅಥವಾ 21 ಇದ್ದರೆ ಸರಿಯಾಗಿದೆ. 25 ಆಗಿದ್ದರೆ ಅವರು ಬೇಗ ನಡೆಯುತ್ತಿಲ್ಲ, ಪುಟ್ಟ ಹೆಜ್ಜೆಯನ್ನು ಬೇಗ ಬೇಗ ಇಡುತ್ತಿದ್ದಾರೆ. ತಕ್ಷಣ ಹಿಂದಿನ ವೇಗಕ್ಕೆ ಬನ್ನಿ. ಹೆಜ್ಜೆ ಉದ್ದವಾಗಲು ನೆಲದ ಮೇಲೆ ಅಡ್ಡಲಾಗಿ ಬಣ್ಣದ ಟೇಪ್ ಪಟ್ಟಿ ಅಂಟಿಸಿ, ಅವರ ಈಗಿನ ಹೆಜ್ಜೆಗಿಂತ ಒಂದಿಷ್ಟೇ ಜಾಸ್ತಿ ದೂರದಲ್ಲಿ. ಕಣ್ಣಿಗೆ ಪಟ್ಟಿ, ಕಿವಿಗೆ ತಾಳ, ಎರಡೂ ಸೇರಿದರೆ ಕೆಲವರಿಗೆ ಚೆನ್ನಾಗಿ ಆಗುತ್ತದೆ.

ಫ್ರೀಜಿಂಗ್ ಇರುವವರ ವಿಷಯ ಬೇರೆ. ಅವರಿಗೆ ವೇಗ ಏರಿಸಬೇಡಿ. 2006ರಲ್ಲಿ ಬೆಲ್ಜಿಯಂನ ಸಂಶೋಧಕರು ಫ್ರೀಜಿಂಗ್ ಇರುವವರನ್ನೂ ಇಲ್ಲದವರನ್ನೂ ಬೇರೆ ಬೇರೆ ವೇಗದ ತಾಳಕ್ಕೆ ನಡೆಸಿ ನೋಡಿದರು. ಫ್ರೀಜಿಂಗ್ ಇರುವವರಿಗೆ ತಮ್ಮ ವೇಗಕ್ಕಿಂತ ಸ್ವಲ್ಪ ನಿಧಾನದ ತಾಳ ಒಳ್ಳೆಯದು, ಇಲ್ಲದವರಿಗೆ ಸ್ವಲ್ಪ ವೇಗದ್ದು ಆಗುತ್ತದೆ ಎಂದು ಅವರು ಕಂಡರು. ಹೆಜ್ಜೆ 96 ಇದ್ದರೆ 86ರ ತಾಳ ಕೊಟ್ಟು ನೋಡಿ. ನಡೆಯುತ್ತಾ ಮುಂದಕ್ಕೆ ಓಡುವಂತಾಗುವವರಿಗೂ ನಾನು ನಿಧಾನದ ತಾಳವನ್ನೇ ಆರಿಸುತ್ತೇನೆ.

ಹೊಸ್ತಿಲು, ತಿರುವು, ಇಕ್ಕಟ್ಟು

ನಮ್ಮ ಮನೆಗಳಲ್ಲಿ ಫ್ರೀಜಿಂಗ್‌ಗೆ ಹೊಸ್ತಿಲೇ ದೊಡ್ಡ ಜಾಗ. ಬಚ್ಚಲ ಬಾಗಿಲು, ಮಂಚ ಮತ್ತು ಬೀರುವಿನ ನಡುವಿನ ಸಂದಿ ಆಮೇಲೆ. ಕಾಲು ನಿಂತುಹೋದರೆ ಬಲವಂತವಾಗಿ ಮುಂದೆ ಹೋಗಲು ಬಿಡಬೇಡಿ. ನಿಲ್ಲಲಿ. ನೆಟ್ಟಗಾಗಲಿ. ನೀವು ಅವರ ತಾಳವನ್ನು ಬಾಯಲ್ಲೇ ಎಣಿಸಿ: "ಒಂದು, ಎರಡು, ಮೂರು, ನಾಲ್ಕು." ಆ ಎಣಿಕೆಗೆ ತೂಕ ಎಡಕ್ಕೆ, ಬಲಕ್ಕೆ ಬದಲಿಸಲಿ. ಮತ್ತೆ ಒಂದು ಬಂದಾಗ ದೊಡ್ಡ ಹೆಜ್ಜೆ, ಹೊಸ್ತಿಲಿನ ಆಚೆಗೆ. ಹೊಸ್ತಿಲು ತುಳಿಯಬಾರದು ಎಂಬ ನಮ್ಮ ಹಳೆಯ ಅಭ್ಯಾಸ ಇಲ್ಲಿ ಒಳ್ಳೆಯದೇ ಮಾಡುತ್ತದೆ, ದಾಟಲು ಕಾಲು ಎತ್ತಲೇಬೇಕು. ಹೊಸ್ತಿಲಿಗೆ ಎದ್ದು ಕಾಣುವ ಹಳದಿ ಬಳಿದಿದ್ದರೆ ಇನ್ನೂ ಅನುಕೂಲ.

ಇದನ್ನು ಕಾಲು ನಿಂತಾಗ ಮಾತ್ರ ಅಲ್ಲ, ಚೆನ್ನಾಗಿರುವ ಹೊತ್ತಿನಲ್ಲೂ ಅಭ್ಯಾಸ ಮಾಡಿಸಿ. ಹಾಡು ಹಾಕಿಕೊಂಡು ಅದೇ ಬಾಗಿಲನ್ನು ಹತ್ತಾರು ಸಲ ದಾಟಿಸಿ.

ತಿರುಗುವಾಗ ಒಂದೇ ಕಾಲ ಮೇಲೆ ಗಿರಕ್ಕನೆ ತಿರುಗಬಾರದು. ಅರ್ಧ ವೃತ್ತದ ದಾರಿ ಹಿಡಿದು, ತಾಳ ಬಿಡದೆ, ಹೆಜ್ಜೆ ಹೆಜ್ಜೆಯಾಗಿ ಬರಲಿ. ಕಾರಿಡಾರಿನ ಎರಡೂ ತುದಿಯಲ್ಲಿ ಒಂದು ಕುರ್ಚಿ ಇಟ್ಟು ಅದರ ಸುತ್ತ ಬರುವಂತೆ ಮಾಡಿದರೆ ಹೇಳಿಕೊಡುವ ಕಷ್ಟವೇ ಇರುವುದಿಲ್ಲ.

ಹಂತ 5: ಹಾಡನ್ನು ತಲೆಯೊಳಗೆ ಇಳಿಸುವುದು

ಎಲ್ಲ ಕಡೆ ಸ್ಪೀಕರ್ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಬ್ಯಾಂಕಿನಲ್ಲಿ, ದೇವಸ್ಥಾನದಲ್ಲಿ, ಮದುವೆ ಛತ್ರದಲ್ಲಿ ಅವರ ಹತ್ತಿರ ಇರುವುದು ಅವರ ನೆನಪಿನ ಹಾಡು ಮಾತ್ರ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನಗಳಲ್ಲಿ, ತಾವೇ ಹಾಡಿಕೊಂಡು ನಡೆದವರ ಹೆಜ್ಜೆ ಹೊರಗಿನ ಹಾಡಿಗೆ ನಡೆದಾಗಿನದಕ್ಕಿಂತ ಹೆಚ್ಚು ಸಮನಾಗಿದ್ದದ್ದು ಕಂಡಿತು. ಮನಸ್ಸಿನಲ್ಲೇ ಹಾಡಿಕೊಂಡರೂ ಉಪಯೋಗ ಆಯಿತು.

ಆದ್ದರಿಂದ ಎರಡನೇ ವಾರದಿಂದ ಹೀಗೆ ಮಾಡಿ. ಒಂದು ಸುತ್ತು ಹಾಡಿನ ಜೊತೆ ನಡೆಯಲಿ. ಮುಂದಿನ ಸುತ್ತಿನ ನಡುವೆ ಸದ್ದು ಪೂರ್ತಿ ಇಳಿಸಿ, ಅವರು ಹಾಡುತ್ತಾ ಮುಂದುವರಿಯಲಿ. ತುದಿ ತಲುಪಿದಾಗ ಸದ್ದು ಏರಿಸಿ. ಹಾಡು ಇವರ ಹೆಜ್ಜೆಗೆ ಹೊಂದಿಕೊಂಡೇ ಇದ್ದರೆ ಒಳಗಿನ ತಾಳ ಗಟ್ಟಿಯಾಗಿ ಕೂತಿದೆ ಎಂದರ್ಥ. ಜೋರಾಗಿ ಹಾಡಲು ಸಂಕೋಚವಾದರೆ ಗುನುಗಲಿ. ಆಮೇಲೆ ತುಟಿ ಮುಚ್ಚಿ ಮನಸ್ಸಿನಲ್ಲೇ. ನಡೆಯಲು ಏಳುವ ಮುಂಚೆ ಒಂದು ಸಾಲು ಹಾಡಿಕೊಳ್ಳುವುದು ಅಭ್ಯಾಸವಾಗಬೇಕು. ಅದಕ್ಕೆ ಒಂದೇ ಒಂದು ಹಾಡು ಆರಿಸಿ, ಅದನ್ನೇ ಬಳಸಿ.

ಎಷ್ಟು ದಿನ ಮಾಡಬೇಕು?

ನಿಲ್ಲಿಸಬಾರದು. 2007ರಲ್ಲಿ ಯೂರೋಪಿನ ಮೂರು ದೇಶಗಳ 153 ಮಂದಿಯ ಮೇಲೆ ನಡೆದ ಮನೆ ತರಬೇತಿಯ ಅಧ್ಯಯನದಲ್ಲಿ ಮೂರು ವಾರದಲ್ಲಿ ನಡಿಗೆ ಸುಧಾರಿಸಿತು. ತರಬೇತಿ ನಿಂತು ಆರು ವಾರ ಕಳೆದ ಮೇಲೆ ನೋಡಿದರೆ ಆ ಲಾಭ ಬಹಳಷ್ಟು ಕರಗಿತ್ತು. ಹಬ್ಬ, ನೆಂಟರು, ಜ್ವರ ಎಂದು ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ, ಮರುದಿನ ಶುರು ಮಾಡಿ. ಒಂದು ವಾರಕ್ಕಿಂತ ಹೆಚ್ಚು ತಪ್ಪಿದ್ದರೆ ಮತ್ತೆ ಅವರ ಸ್ವಂತ ವೇಗದಿಂದ ಶುರು ಮಾಡಿ, ಬಿಟ್ಟ ವೇಗದಿಂದಲ್ಲ.

ಕೆಲವು ದಿನ ಏನು ಮಾಡಿದರೂ ಕಾಲು ಬರುವುದಿಲ್ಲ. ನಿದ್ದೆ ಕೆಟ್ಟಿರಬಹುದು, ಮಲಬದ್ಧತೆ ಇರಬಹುದು, ಮಾತ್ರೆ ಊಟದ ಜೊತೆ ಹೋಗಿ ತಡವಾಗಿ ಹತ್ತಿರಬಹುದು. ಆ ದಿನ ಕೂತು ತಾಳ ಹಾಕಿಸಿ, ಅದೂ ಅಭ್ಯಾಸವೇ. ಬೈಯಬೇಡಿ. ಅವರಿಗೆ ನಿಮಗಿಂತ ಹೆಚ್ಚು ಬೇಜಾರಾಗಿರುತ್ತದೆ.

ತಲೆ ಸುತ್ತು, ಎದೆನೋವು, ಉಸಿರು ಕಟ್ಟುವುದು, ಹೊಸದಾಗಿ ಬೀಳುವುದು ಕಂಡರೆ ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಹಾಡಿಲ್ಲದೆ ಹೆಜ್ಜೆ ಅಳೆದು, ಹೊಸ ಸಂಖ್ಯೆಗೆ ಹಾಡಿನ ವೇಗ ಹೊಂದಿಸಿ. ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಜೊತೆಗಿರಲಿ. ಮಾತ್ರೆಯ ಹೊತ್ತು, ಹೆಜ್ಜೆಯ ವೇಗ, 10 ಮೀಟರಿನ ಎಣಿಕೆ ಮೂರೂ ಒಂದೇ ಸಾಲಿನಲ್ಲಿ ಬರೆದಿದ್ದರೆ ಮಾತ್ರೆಯ ಪ್ರಮಾಣ ಅಥವಾ ಹೊತ್ತು ಬದಲಿಸಬೇಕೇ ಎಂದು ನಿರ್ಧರಿಸಲು ಡಾಕ್ಟರಿಗೆ ಅದು ಸಹಾಯ ಮಾಡುತ್ತದೆ.